ಅಡಿಗೆಮನೆಯ ನೆಲ

ಕಳೆದ ಬೇಸಿಗೆಯಲ್ಲಿ ಅಂಕೋಲೆಯ ಹತ್ತಿರದ ಒಂದು ಹಳೆಯ ಮನೆಯಲ್ಲಿ ಅಡಿಗೆಮನೆಗೆ ಟೈಲ್ಸು ಹಾಕಿಸುವ ಕೆಲಸ ನಡೆದಿತ್ತು. ಗವಂಡಿ ಬಂದವನೇ ಚೀಲ ಬಿಚ್ಚಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ನೆಲವನ್ನು ಅಲ್ಲಲ್ಲಿ ಕುಟ್ಟಿ, ತಲೆ ಬಗ್ಗಿಸಿ ಸದ್ದು ಕೇಳಿದ. ನಡುವೆ ಗಟ್ಟಿ ಸದ್ದು, ಮೂಲೆಯಲ್ಲಿ ಪೊಳ್ಳು ಸದ್ದು. “ಅಮ್ಮಾ, ಇಲ್ಲಿ ಮೊದಲು ಒರಳು ಇತ್ತಾ?” ಎಂದು ಕೇಳಿದ. ಮನೆಯ ಹಿರಿಯರು, “ಹೌದೋ ತಮ್ಮಾ, ನಮ್ಮ ಅತ್ತೆಯವರ ಕಾಲದ್ದು. ಮಿಕ್ಸರು ಬಂದ ಮೇಲೆ ಕಿತ್ತು ಹಾಕಿದೆವು. ನಿನಗೆ ಯಾರು ಹೇಳಿದರು?” ಎಂದರು. ಯಾರೂ ಹೇಳಿರಲಿಲ್ಲ. ನೆಲವೇ ಹೇಳಿತ್ತು.

ಅರಮನೆ, ಕೋಟೆ, ಗುಡಿಗಳ ಚರಿತ್ರೆಯನ್ನು ನಾವು ಬಹಳ ಓದಿದ್ದೇವೆ. ನಮ್ಮ ಕಾಲ ಕೆಳಗಿನ ಈ ಎಂಟು ಹತ್ತು ಅಂಗುಲದ ಚರಿತ್ರೆಯನ್ನು ಬರೆದವರು ಕಡಿಮೆ. ಕಾರವಾರ, ಅಂಕೋಲೆಗಳ ಕಡೆ ಹಳೆಯ ಅಡಿಗೆಮನೆಯ ನೆಲವನ್ನು ಒಡೆದರೆ ಒಂದರ ಮೇಲೊಂದು ಮೂರು ನಾಲ್ಕು ಪದರುಗಳು ಕಾಣುವುದುಂಟು. ಒಂದೊಂದು ಪದರೂ ಒಂದೊಂದು ಕಾಲದ್ದು.

ಎಲ್ಲಕ್ಕಿಂತ ಕೆಳಗಿನದು ಕೆಂಪು ಮಣ್ಣು. ಈ ಸೀಮೆಯ ಮನೆಗಳ ಗೋಡೆ ಚಿರೇಕಲ್ಲಿನದು. ಅಡಿಪಾಯದ ನಡುವಿನ ತೆರಪನ್ನು ತುಂಬುತ್ತಿದ್ದುದು ಅದರದೇ ಚೂರು ಮತ್ತು ಮಣ್ಣು. ನೆಲದಲ್ಲಿರುವಾಗ ಕೊಡಲಿಗೆ ಸಿಕ್ಕುವಷ್ಟು ಮೆತ್ತಗಿದ್ದು, ಗಾಳಿ ತಾಕಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. ಟೀಪುವಿನ ಪತನದ ನಂತರ ಮೈಸೂರು, ಮಲಬಾರ, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತ 1801ರಲ್ಲಿ ನಮ್ಮ ಕರಾವಳಿಯಲ್ಲೂ ಹಾದುಹೋದ. ಅವನ ಪ್ರವಾಸ ಗ್ರಂಥ 1807ರಲ್ಲಿ ಅಚ್ಚಾಯಿತು. ಹೆಸರು ಅವನದು, ಕಲ್ಲು ಕಡಿಯುವ ವಿದ್ಯೆ ಮಾತ್ರ ಇಲ್ಲಿಯವರದೇ.

ತುಂಬಿದ ಮಣ್ಣಿಗೆ ನೀರು ಹೊಯ್ದು, ದಿಮ್ಮಸಿನಿಂದ ಬಡಿದು, ಒಣಗಿದ ಮೇಲೆ ಸಗಣಿ ಸಾರಿಸಿದರೆ ನೆಲ ಸಿದ್ಧ. ತೆಂಗಿನ ಕರಟವನ್ನು ಸುಟ್ಟ ಮಸಿಯನ್ನು ಸಗಣಿಗೆ ಬೆರೆಸಿ ಕರ್ರಗೆ ಮಾಡಿ, ಒಣಗುವ ಮೊದಲೇ ನುಣುಪು ಕಲ್ಲಿನಿಂದ ತಿಕ್ಕುತ್ತಿದ್ದರು. ಟ್ರಾನ್ಸಿಸ್ಟರ್ ರೇಡಿಯೋ ಮನೆಮನೆಗೆ ಬಂದ ಕಾಲದಲ್ಲಿ, ಮುಗಿದ ಸೆಲ್ಲನ್ನು ಒಡೆದು ಅದರೊಳಗಿನ ಕರಿಯನ್ನು ಸಗಣಿಗೆ ಕಲಸುವ ರೂಢಿಯೂ ಹುಟ್ಟಿತು. ಹಾಡು, ವಾರ್ತೆ ಹೇಳಿ ದಣಿದ ಸೆಲ್ಲು ಕೊನೆಗೆ ನೆಲದ ಬಣ್ಣವಾಯಿತು! ಈ ನೆಲದ ತಂಪನ್ನು ಹೊಗಳುವವರು ಇಂದಿಗೂ ಇದ್ದಾರೆ. ಹೊಗಳುವವರಲ್ಲಿ ಅದನ್ನು ಮೊಣಕಾಲೂರಿ ಸಾರಿಸಿದವರು ಎಷ್ಟು ಮಂದಿ ಎಂದು ಕೇಳಬೇಕೆನಿಸುತ್ತದೆ. ಮಳೆಗಾಲದಲ್ಲಿ ಸಾರಿಸಿದ್ದು ಒಣಗದು; ಒಣಗದೆ ಒಲೆಯ ಮುಂದೆ ಕೂರುವಂತಿಲ್ಲ.

ಇಂಥ ನೆಲ ಬದುಕುವುದು ಕೈಯಿಂದ. 1930ರಿಂದ 1932ರವರೆಗಿನ ಕರನಿರಾಕರಣೆಯ ಚಳವಳಿಯಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರ ಜಮೀನು, ಮನೆ, ಪಾತ್ರೆಪರಡಿಗಳು ಜಪ್ತಿಯಾದುವು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡ ಜಮೀನನ್ನು ಮರಳಿ ಕೊಡಿಸುವ ಕೆಲಸ ನಡೆಯಿತು. ಎರಡು ಮಳೆಗಾಲ ಹೆಂಗಸರ ಕೈ ಕಾಣದ ಮಣ್ಣಿನ ನೆಲ ಏನಾಗಿರುತ್ತದೆಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಆ ಹೋರಾಟದ ಲೆಕ್ಕದಲ್ಲಿ ಎಕರೆ, ಗುಂಟೆಗಳು ಬರುತ್ತವೆ. ಮತ್ತೆ ದಿಮ್ಮಸು ಹಿಡಿದ ಕೈಗಳ ಲೆಕ್ಕ ಬರುವುದಿಲ್ಲ.

ಎರಡನೆಯ ಪದರು ಉಳ್ಳವರ ಮನೆಯದು. ಹೊಳೆ, ಕಡಲುಗಳ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಹೊಯ್ಗೆ ಬೆರೆಸಿ ಬಡಿದು ಕೂರಿಸಿದ ಗಚ್ಚು; ಮೇಲೆ ಕೆಲವೆಡೆ ಕಾವಿಯ ಕೆಂಪು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿ, ಕಾರವಾರವು ಜಿಲ್ಲೆಯ ಮುಖ್ಯ ಪಟ್ಟಣವಾಗಿ ಬೆಳೆಯಿತು. ಕಚೇರಿ, ಬಂಗಲೆ, ವಕೀಲರ ಮನೆಗಳು ಎದ್ದುವು. ಮೂರು ವರ್ಷಗಳಲ್ಲೇ, 1865ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. ಮಂಗಳೂರು ಹಂಚೆಂದರೆ ನಾವು ಮಾಡನ್ನು ನೋಡುತ್ತೇವೆ; ಅದೇ ಜೇಡಿಯ ಚೌಕ ಹಂಚುಗಳು ನೆಲಕ್ಕೂ ಬಂದುವು. ರೈಲಿಲ್ಲದ ಊರಿಗೆ ಭಾರದ ಸಾಮಾನು ಬರಲು ಕಡಲೇ ಹೆದ್ದಾರಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಲ್ಲವೇ? ಬಯಲುಸೀಮೆಯ ಶಹಾಬಾದ ಫರಸಿಯಂತೂ ಘಟ್ಟ ಇಳಿದೇ ಬರಬೇಕಾಗಿತ್ತು.

ಆ ಮೇಲೆ ಸಿಮೆಂಟು. ಪೋರಬಂದರದ ಕಾರಖಾನೆಯಲ್ಲಿ 1914ರ ಸುಮಾರಿಗೆ ಸಿಮೆಂಟು ತಯಾರಾಗತೊಡಗಿತು. 1922ರಲ್ಲಿ ಮುಂಬಯಿಯಲ್ಲಿ ಭಾರತ್ ಫ್ಲೋರಿಂಗ್ ಟೈಲ್ಸ್ ಎಂಬ ಸ್ವದೇಶಿ ಕಂಪನಿ ಹುಟ್ಟಿ, ಇಂಗ್ಲೆಂಡಿನಿಂದ ಬರುತ್ತಿದ್ದ ಬಣ್ಣದ ಬಿಲ್ಲೆಗಳಿಗೆ ಎದುರಾಗಿ ಸಿಮೆಂಟಿನ ಬಿಲ್ಲೆಗಳನ್ನು ಮಾಡಿತು. ಸಾಮಾನ್ಯ ಮನೆಗಳಿಗೆ ಬಂದದ್ದು ಮಾತ್ರ ಕೆಂಪು ಪುಡಿ ಬೆರೆಸಿ ನುಣುಪಾಗಿ ತಿಕ್ಕಿದ ಸಿಮೆಂಟಿನ ಗಿಲಾಯಿ. ಅನೇಕರು ಕೆಳಗಿನ ಮಣ್ಣನ್ನು ಮುಟ್ಟದೆ ಮೇಲೆಯೇ ಅದನ್ನು ಎಳೆಸಿದರು. ಇಂದಿನ ಗವಂಡಿಯ ಕಷ್ಟ ಹುಟ್ಟಿದ್ದು ಅಲ್ಲಿ.

ಹಳೆಯ ಅಡಿಗೆಮನೆಯ ನೆಲ ಏರುತಗ್ಗಾಗಿರುವುದಕ್ಕೆ ಕೆಲಸಗಾರನ ಅಲಕ್ಷ್ಯವೊಂದೇ ಕಾರಣವಲ್ಲ. ಆಗ ನೆಲವೇ ಅಡಿಗೆಯ ಮೇಜು. ಒಲೆ ನೆಲದಲ್ಲಿ, ಒರಳು ನೆಲದಲ್ಲಿ ಹುಗಿದದ್ದು, ಈಳಿಗೆ ಮಣೆ ನೆಲದ ಮೇಲೆ, ಊಟದ ಎಲೆಯೂ ನೆಲದ ಮೇಲೆ. ಒಲೆಯ ಸುತ್ತ ಬೆಂಕಿಗೆ ಬೆಂದು ಗಟ್ಟಿಯಾದ ಮಣ್ಣು, ಒರಳಿನ ಬುಡದಲ್ಲಿ ವರ್ಷಗಟ್ಟಲೆ ನೀರುಂಡು ಸಡಿಲಾದ ಮಣ್ಣು. ಇದರ ಮೇಲೆ ಬಚ್ಚಲಿನ ಕಡೆಗೆ ಬೇಕೆಂದೇ ಕೊಟ್ಟ ವಾಟ. ಒಲೆ ಕಟ್ಟೆಗೇರಿ, ಗ್ಯಾಸು ಬಂದು, ಒರಳು ಅಂಗಳ ಸೇರಿದ ಮೇಲೆ ಉಳಿದದ್ದು ಈ ಗುರುತುಗಳು ಮಾತ್ರ.

ಇವನ್ನು ಓದದೆ ಟೈಲ್ಸು ಹಾಕಿದವರು ಪಶ್ಚಾತ್ತಾಪ ಪಡುವುದನ್ನು ಕಂಡಿದ್ದೇನೆ. ಎಂಟು ಅಂಗುಲದ ಹಳೆಯ ಬಿಲ್ಲೆ ನೆಲದ ಡೊಂಕಿಗೆ ಸ್ವಲ್ಪ ಹೊಂದಿಕೊಳ್ಳುತ್ತಿತ್ತು. ಎರಡಡಿಯ ಇಂದಿನ ಟೈಲ್ಸು ಹೊಂದಿಕೊಳ್ಳದು. ಕೆಳಗೆ ಪೊಳ್ಳು ಉಳಿದರೆ, ತುಂಬಿದ ಗ್ಯಾಸಿನ ಸಿಲಿಂಡರನ್ನು ಉರುಳಿಸುವ ದಿನ ಮೂಲೆ ಸೀಳುತ್ತದೆ. ಒಮ್ಮೆಗೇ ಎರಡು ಅಂಗುಲ ಎತ್ತರಿಸಿದರೆ ಬಾಗಿಲು ಮುಚ್ಚುವುದಿಲ್ಲ, ಹೊಸ್ತಿಲು ನೆಲಕ್ಕೆ ಸಮನಾಗುತ್ತದೆ. ಹೊಸ್ತಿಲು ಪೂಜೆಗೆ ಮಾತ್ರವಲ್ಲ, ಮಳೆಯ ನೀರನ್ನು ತಡೆಯುವುದಕ್ಕೂ ಇರುವಂಥದು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿ ದಂಡೆಯ ಮನೆಗಳೊಳಗೆ ನೀರು ನುಗ್ಗಿದ್ದನ್ನು ಕಂಡವರು ನೆಲದ ಎತ್ತರವನ್ನು ಹಗುರಾಗಿ ಎಣಿಸಲಾರರು.

ಅಂಕೋಲೆಯ ಆ ಗವಂಡಿ ನೆಲವನ್ನೆಲ್ಲ ಅಗೆಯಲಿಲ್ಲ. ಪೊಳ್ಳು ಸದ್ದು ಬಂದಲ್ಲಿ ಮಾತ್ರ ಗಿಲಾಯಿಯನ್ನು ಕಿತ್ತು, ಒರಳಿನ ಗುಂಡಿಯ ಸಡಿಲ ಮಣ್ಣನ್ನು ಬಗೆದು ತೆಗೆದು, ಜಲ್ಲಿ ತುಂಬಿ ಬಡಿಸಿ, ಕಾಂಕ್ರೀಟು ಹಾಕಿದ. ಉಳಿದ ನುಣುಪು ನೆಲಕ್ಕೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆಸಿದ. ನುಣುಪಿನ ಮೇಲೆ ಹೊಸ ಗಾರೆ ಹಿಡಿಯದು. ಒಲೆಯಿದ್ದ ಮೂಲೆಯ ಎಣ್ಣೆಜಿಡ್ಡನ್ನು ತೊಳೆಸಿ, ಧೂಳನ್ನೆಲ್ಲ ಗುಡಿಸಿಸಿದ. ಪಾರದರ್ಶಕ ನಳಿಗೆಯಲ್ಲಿ ನೀರು ತುಂಬಿ, ನಾಲ್ಕು ಗೋಡೆಗೂ ಒಂದೇ ಮಟ್ಟದ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಅಳೆದ. ಎರಡು ಮೂಲೆಗಳಿಗೆ ಒಂದೂಕಾಲು ಅಂಗುಲದ ವ್ಯತ್ಯಾಸವಿತ್ತು. ಅದರಲ್ಲಿ ತಪ್ಪೆಷ್ಟು, ವಾಟವೆಷ್ಟು ಎಂಬುದೇ ಪ್ರಶ್ನೆ. ಮನೆಯ ಮಗನಿಗೆ ನೆಲ ಪೂರ್ತಿ ಸಮವಾಗಬೇಕೆಂಬ ಆಸೆ. ತಾಯಿ ಒಪ್ಪಲಿಲ್ಲ: “ತೊಳೆದ ನೀರು ಎಲ್ಲಿಗೆ ಹೋಗಬೇಕು ಮಗಾ? ನೀನು ಒರೆಸುತ್ತೀಯಾ?” ಎಂದರು.

ಎಂಟು ಅಡಿಗೆ ಒಂದು ಅಂಗುಲದ ವಾಟವನ್ನು ಉಳಿಸಿಕೊಂಡು, ಅದಕ್ಕೆ ತಕ್ಕಂತೆ ಗಾರೆಯ ಬಿಲ್ಲೆಗಳನ್ನಿಟ್ಟು, ಪಟ್ಟಿ ಎಳೆದು ಮಟ್ಟ ಮಾಡಿದರು. ಏಳು ದಿನ ನೀರು ಕುಡಿಸಿದರು. ಅಡಿಗೆ ಆ ವಾರವೆಲ್ಲ ಜಗಲಿಯಲ್ಲಿ ನಡೆಯಿತು. ಟೈಲ್ಸೂ ಎರಡಡಿಯದಾಗದೆ ಒಂದಡಿಯ, ಒರಟು ಮೈಯದಾಯಿತು. ಅದು ಒದ್ದೆ ಕಾಲಿಗೆ ಜಾರುವುದಿಲ್ಲವೆಂದು ತಾಯಿಯೇ ಆರಿಸಿದ್ದು. ಕೆಲಸ ಮುಗಿದ ದಿನ ಗವಂಡಿ ಒಂದು ತಂಬಿಗೆ ನೀರನ್ನು ಒಲೆಯ ಮೂಲೆಯಲ್ಲಿ ಚೆಲ್ಲಿದ. ಎಲ್ಲರೂ ನಿಂತು ನೋಡಿದರು. ನೀರು ಒರಳಿದ್ದ ಜಾಗವನ್ನು ದಾಟಿ ನೇರವಾಗಿ ಬಚ್ಚಲಿಗೆ ಹೋಯಿತು.