ಚುರುಟಿನ ಪೆಟ್ಟಿಗೆಯೂ ಗಿಟಾರಿನ ದಂಡಿಯೂ

ವಾದ್ಯಗಳಿಗೆ ಹೆಸರು ಬರುವುದು ಬಹುಮಟ್ಟಿಗೆ ಕಣ್ಣಿಗೆ ಮೊದಲು ಬೀಳುವ ಭಾಗದಿಂದ. ಅಮೆರಿಕದ ಬಡಜನರು ತಮ್ಮ ಕೈಯಿಂದಲೇ ಮಾಡಿಕೊಂಡು ನುಡಿಸಿದ ತಂತಿವಾದ್ಯವೊಂದಕ್ಕೆ ‘ಚುರುಟಿನ ಪೆಟ್ಟಿಗೆಯ ಗಿಟಾರು’ ಎಂದು ಹೆಸರು. ಚುರುಟು ತೀರಿದ ಮೇಲೆ ಉಳಿದ ಮರದ ಪೆಟ್ಟಿಗೆ, ಅದರೊಳಗೆ ತೂರಿಸಿದ ಒಂದು ಕೋಲು, ಕೋಲಿನ ಉದ್ದಕ್ಕೂ ಬಿಗಿದ ಒಂದೆರಡು ತಂತಿ, ಹೆಚ್ಚೆಂದರೆ ಮೂರು ನಾಲ್ಕು. ಇಷ್ಟೇ ಆ ವಾದ್ಯ. ಪೆಟ್ಟಿಗೆಯ ಚರಿತ್ರೆಯನ್ನು ಬರೆದವರು ಉಂಟು; ಕೋಲಿನ ಮಾತನ್ನೆತ್ತುವವರು ಕಡಮೆ. ಇಂಗ್ಲಿಷಿನವರು ಈ ಕೋಲನ್ನು ಗಿಟಾರಿನ ‘ಕತ್ತು’ ಎನ್ನುತ್ತಾರೆ. ನಮ್ಮ ವೀಣೆಯ ಮಾತಿನಲ್ಲಿ ಹೇಳುವುದಾದರೆ ಅದು ದಂಡಿ. ವಾದ್ಯದ ಭಾರವನ್ನು ಹೊರುವುದು ಈ ದಂಡಿ. ಅದರ ಹಳೆಯ ಚರಿತ್ರೆಯನ್ನು ಹೊತ್ತು ತಂದಿರುವುದೂ ದಂಡಿಯೇ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇನೆ.

ಮೊದಲು ಪೆಟ್ಟಿಗೆಯ ಮಾತನ್ನು ಮುಗಿಸಿಬಿಡೋಣ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಚುರುಟುಗಳು ದೊಡ್ಡ ದೊಡ್ಡ ಪೆಟಾರಿಗಳಲ್ಲಿ ಸಾಗುತ್ತಿದ್ದುವು. ಶತಮಾನದ ನಡುವಿನ ಹೊತ್ತಿಗೆ ಇಪ್ಪತ್ತೈದು, ಐವತ್ತು ಚುರುಟು ಹಿಡಿಸುವ ಸಣ್ಣ ಪೆಟ್ಟಿಗೆಗಳು ಬಳಕೆಗೆ ಬಂದುವು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಯುದ್ಧದ ವೆಚ್ಚಕ್ಕಾಗಿ ಸರ್ಕಾರವು ಚುರುಟಿನ ಮೇಲೆ ತೆರಿಗೆ ಹಾಕಿತು. ಚುರುಟನ್ನು ಪೆಟ್ಟಿಗೆಯಲ್ಲಿಯೇ ತುಂಬಿ, ಮೇಲೆ ತೆರಿಗೆಯ ಚೀಟಿ ಅಂಟಿಸಿ ಮಾರಬೇಕೆಂಬ ಕಟ್ಟಳೆ ಆ ದಶಕದಲ್ಲಿ ಬಂದಿತು. ಬರಿದಾದ ಪೆಟ್ಟಿಗೆಗೆ ಮತ್ತೆ ಚುರುಟು ತುಂಬಿದರೆ ಶಿಕ್ಷೆಯುಂಟೆಂಬ ಎಚ್ಚರಿಕೆಯನ್ನೂ ಪೆಟ್ಟಿಗೆಯ ಮೇಲೆಯೇ ಅಚ್ಚುಹಾಕುತ್ತಿದ್ದರು. ಹೀಗಾಗಿ ಒಳ್ಳೆಯ ಮರದ ಪೆಟ್ಟಿಗೆ ಊರೂರಿನಲ್ಲಿಯೂ ಬಿಟ್ಟಿ ಸಿಗುವಂತಾಯಿತು. ಅದರ ಹಲಗೆ ಹೆಚ್ಚಾಗಿ ‘ಸ್ಪ್ಯಾನಿಷ್ ಸೀಡರ್’ ಎಂಬ ಮರದ್ದು. ಹೆಸರು ಸೀಡರ್ ಎಂದಿದ್ದರೂ ಅದು ದೇವದಾರುವಿನ ಜಾತಿಯದಲ್ಲ. ಬೇವು, ಮಹಾಗನಿ, ನಮ್ಮ ಮಲೆನಾಡಿನ ಗಂಧಗರಿಗೆ, ಇವುಗಳ ಬಳಗದ್ದು. ಹಗುರವಾದದ್ದು, ಕಂಪುಳ್ಳದ್ದು, ತೆಳುವಾಗಿ ಸೀಳಿದರೆ ಒಳ್ಳೆಯ ನಾದ ಕೊಡುವಂಥದು.

ಆ ಯುದ್ಧದಲ್ಲಿ ಉತ್ತರದ ಸೇನೆಯ ಜೊತೆಯಲ್ಲಿದ್ದು ಚಿತ್ರ ಬರೆದ ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದರು ೧೮೭೬ರಲ್ಲಿ ತಮ್ಮ ಚಿತ್ರಗಳನ್ನು ಅಚ್ಚಿನಲ್ಲಿ ತಂದರು. ಅವುಗಳಲ್ಲೊಂದರಲ್ಲಿ ಬಿಡಾರದ ಬಳಿ ಸೈನಿಕನೊಬ್ಬನು ಚುರುಟಿನ ಪೆಟ್ಟಿಗೆಯ ಪಿಟೀಲನ್ನು ನುಡಿಸುತ್ತಿದ್ದಾನೆ. ಮುಂದೆ ಅಮೆರಿಕದ ಬಾಲಚರ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡೇನಿಯಲ್ ಕಾರ್ಟರ್ ಬಿಯರ್ಡ್ ಅವರು ೧೮೮೪ರಲ್ಲಿ ಈ ಪೆಟ್ಟಿಗೆಯಿಂದ ಐದು ತಂತಿಯ ಬ್ಯಾಂಜೊ ವಾದ್ಯವನ್ನು ಮಾಡುವ ಕ್ರಮವನ್ನು ಹುಡುಗರಿಗಾಗಿ ಬರೆದರು. ಇವೆಲ್ಲ ಕಾಗದದ ಮೇಲಿನ ಸಾಕ್ಷ್ಯ. ಚಿತ್ರ, ಪುಸ್ತಕ, ತೆರಿಗೆಯ ಚೀಟಿ, ಇವುಗಳಿಂದ ಪೆಟ್ಟಿಗೆಯ ಕಾಲವನ್ನು ಗೊತ್ತುಮಾಡುವುದು ಸುಲಭ. ದಂಡಿಗಾದರೋ ಚೀಟಿ ಅಂಟಿಸಿದವರಿಲ್ಲ. ಅದನ್ನು ಓದಬೇಕಾದರೆ ಅದನ್ನು ಮಾಡುವ ಬಗೆಯನ್ನೇ ನೋಡಬೇಕು.

ಪೆಟ್ಟಿಗೆ ಸಿದ್ಧವಾಗಿಯೇ ಸಿಗುತ್ತದೆ. ದಂಡಿಯನ್ನು ಮಾಡಿಯೇ ತೀರಬೇಕು. ಇಂದು ಇದನ್ನು ಮಾಡುವ ಹವ್ಯಾಸಿಗಳು ಸುಮಾರು ಮೂರು ಅಡಿ ಉದ್ದ, ಒಂದೂವರೆ ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಮೇಪಲ್ ಅಥವಾ ಓಕ್ ಮರದ ಪಟ್ಟಿಯನ್ನು ಆರಿಸಿಕೊಳ್ಳುತ್ತಾರೆ. ಪಟ್ಟಿಯನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟವಿದೆಯೇ ಎಂದು ನೋಡಬೇಕು. ಮರದ ಎಳೆಗಳು ತುದಿಯಿಂದ ತುದಿಗೆ ನೇರವಾಗಿರಬೇಕು, ಗಂಟು ಇರಬಾರದು. ಒಂದು ತುದಿಯನ್ನು ತೆಳುಮಾಡಿ ತಲೆಯನ್ನು ಕೆತ್ತಿ, ಬಿರಡೆಗಳಿಗೆ ತೂತು ಕೊರೆಯುತ್ತಾರೆ. ತಲೆ ಸ್ವಲ್ಪ ತಗ್ಗಿನಲ್ಲಿದ್ದರೆ ತಂತಿ ಬಿರಡೆಯ ಕಡೆಗೆ ಇಳಿಜಾರಾಗಿ ಹೋಗಿ, ತಲೆಯ ಬಳಿ ತನ್ನನ್ನು ಹೊತ್ತ ಕಿರುಪಟ್ಟಿಯ ಮೇಲೆ ಒತ್ತಿ ಕುಳಿತುಕೊಳ್ಳುತ್ತದೆ. ಇಲ್ಲದಿದ್ದರೆ ಅದು ಅಲ್ಲಾಡಿ ಕಿರುಗುಟ್ಟುತ್ತದೆ. ಆಮೇಲೆ ಪೆಟ್ಟಿಗೆಯ ಎರಡು ಪಕ್ಕಗಳಲ್ಲಿಯೂ ದಂಡಿಯ ಅಳತೆಗೆ ಸರಿಯಾಗಿ ಕಚ್ಚು ತೆಗೆದು, ದಂಡಿಯನ್ನು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಗೆ ಒಂದಂಗುಲದಷ್ಟು ಹೊರಚಾಚುವಂತೆ ಕೂರಿಸುತ್ತಾರೆ. ಪೆಟ್ಟಿಗೆಯ ಒಳಗೆ ಹಾಯುವ ಭಾಗವನ್ನು ಮೇಲುಗಡೆ ಸ್ವಲ್ಪ ಹೆರೆದು ತಗ್ಗುಮಾಡುವುದು ಮುಖ್ಯ. ದಂಡಿ ಮುಚ್ಚಳಕ್ಕೆ ತಾಗಿದರೆ ಮುಚ್ಚಳ ಮಿಡಿಯದು. ಮುಚ್ಚಳ ಮಿಡಿಯದಿದ್ದರೆ ನಾದವೇ ಇಲ್ಲ.

ದಂಡಿಯನ್ನು ಪೆಟ್ಟಿಗೆಯ ಆಚೆಯವರೆಗೂ ಏಕೆ ತೂರಿಸಬೇಕು, ಪಕ್ಕಕ್ಕೆ ಅಂಟಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಶ್ರುತಿಗೆ ಏರಿಸಿದ ಉಕ್ಕಿನ ಗಿಟಾರು ತಂತಿಯೊಂದರ ಎಳೆತ ಸುಮಾರು ಹತ್ತು ಕಿಲೋಗ್ರಾಂ ಭಾರಕ್ಕೆ ಸಮ. ಮೂರು ತಂತಿ ಬಿಗಿದರೆ ಮೂವತ್ತು. ಚುರುಟು ಹೊರಲು ಮಾಡಿದ ತೆಳುಹಲಗೆ, ಸಣ್ಣ ಮೊಳೆಗಳ ಪೆಟ್ಟಿಗೆ ಇದನ್ನು ತಾಳಲಾರದು. ಪಕ್ಕ ಕಿತ್ತು ಬರುತ್ತದೆ. ದಂಡಿ ಆಚೆಯವರೆಗೂ ಹಾದುಹೋದರೆ ತಂತಿಯ ಎರಡು ತುದಿಗಳನ್ನೂ ದಂಡಿಗೇ ಕಟ್ಟಬಹುದು. ಆಗ ಎಳೆತವೆಲ್ಲ ದಂಡಿಯ ಪಾಲಿಗೆ. ಪೆಟ್ಟಿಗೆಗೆ ಬರುವುದು ಕುದುರೆಯ ಮೂಲಕ ಬೀಳುವ ಒತ್ತಡ ಮಾತ್ರ. ದುರ್ಬಲವಾದ ಒಡಲಿಗೆ ನಾದವನ್ನು ಬಿಟ್ಟು, ಬಲವಾದ ಕೋಲಿಗೆ ಭಾರವನ್ನು ಕೊಡುವುದೇ ಈ ಉಪಾಯ.

ಈ ಉಪಾಯ ಚುರುಟಿನ ಪೆಟ್ಟಿಗೆಗಿಂತ ಬಹಳ ಹಳೆಯದು. ಪಶ್ಚಿಮ ಆಫ್ರಿಕದ ಸೆನೆಗಲ್, ಗ್ಯಾಂಬಿಯ ಪ್ರದೇಶದ ಜೋಲ ಜನರಲ್ಲಿ ‘ಅಕೊಂಟಿಂಗ್’ ಎಂಬ ಮೂರು ತಂತಿಯ ವಾದ್ಯವುಂಟು. ಸೋರೆಬುರುಡೆಗೆ ಚರ್ಮ ಹೊದಿಸಿ, ಬುರುಡೆಯನ್ನು ತೂರಿಕೊಂಡು ಆಚೆ ಹೋಗುವ ಉದ್ದನೆಯ ಕೋಲಿಗೆ ತಂತಿ ಕಟ್ಟುತ್ತಾರೆ. ಇಂತಹ ವಾದ್ಯಗಳ ನೆನಪನ್ನು ಕೈಯಲ್ಲಿಟ್ಟುಕೊಂಡೇ ಆಫ್ರಿಕದ ಜನರು ಗುಲಾಮರ ಹಡಗುಗಳಲ್ಲಿ ಅಮೆರಿಕಕ್ಕೆ ಬಂದರು. ಸಾಮಾನು ತರುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ತಂದದ್ದು ಮಾಡುವ ವಿದ್ಯೆಯನ್ನು. ೧೭೩೯ರಲ್ಲಿ ದಕ್ಷಿಣ ಕ್ಯಾರೊಲೈನದ ಸ್ಟೋನೊ ಎಂಬಲ್ಲಿ ಗುಲಾಮರು ದಂಗೆಯೆದ್ದರು. ಮರುವರ್ಷ, ೧೭೪೦ರಲ್ಲಿ, ಅಲ್ಲಿನ ಶಾಸನಸಭೆ ಮಾಡಿದ ಕಾನೂನು ಅವರಿಗೆ ಡೋಲು, ಕೊಂಬು ಮೊದಲಾದ ದೊಡ್ಡ ಸದ್ದಿನ ವಾದ್ಯಗಳನ್ನು ನಿಷೇಧಿಸಿತು. ತಂತಿಯ ಮೆಲುದನಿಯ ವಾದ್ಯ ಉಳಿದುಕೊಂಡಿತು. ಗುಲಾಮರ ಒಡೆಯರಲ್ಲಿ ಒಬ್ಬರಾಗಿದ್ದು ಮುಂದೆ ರಾಷ್ಟ್ರಾಧ್ಯಕ್ಷರಾದ ಥಾಮಸ್ ಜೆಫರ್ಸನ್ನರೇ, ೧೭೮೦ರ ದಶಕದಲ್ಲಿ ಅಚ್ಚಾದ ತಮ್ಮ ವರ್ಜೀನಿಯ ವಿವರಣೆಯಲ್ಲಿ, ಬ್ಯಾಂಜೊವನ್ನು ಈ ಜನರು ಆಫ್ರಿಕದಿಂದ ತಂದರೆಂದು ಬರೆದಿದ್ದಾರೆ. ಬ್ಯಾಂಜೊದಲ್ಲಿಯೂ ಕೋಲು ಒಡಲನ್ನು ಹಾದುಹೋಗುತ್ತದೆ. ಸೋರೆಬುರುಡೆಯ ಜಾಗಕ್ಕೆ ಪೆಟ್ಟಿಗೆ ಬಂದಿತು. ಕೋಲು ತನ್ನ ದಾರಿಯನ್ನು ಬಿಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ನಮ್ಮ ಏಕತಾರಿಯಲ್ಲಿಯೂ ಕೋಲು ಬುರುಡೆಯನ್ನು ತೂರಿಕೊಂಡು ಹೋಗುತ್ತದೆ. ಅಷ್ಟರಿಂದ ಏಕತಾರಿ ಆಫ್ರಿಕದಿಂದ ಬಂತೆನ್ನಲಾಗದು. ಒಂದೇ ತೊಡಕಿಗೆ ಬೇರೆ ಬೇರೆ ನಾಡಿನವರು ಒಂದೇ ಪರಿಹಾರವನ್ನು ಕಂಡುಕೊಳ್ಳುವುದುಂಟು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಜನರು ಬಂದ ದಾರಿ ಗೊತ್ತಿದೆ, ನಡುವಣ ಕೊಂಡಿಯಾದ ಬ್ಯಾಂಜೊವೂ ಕಣ್ಣೆದುರಿಗಿದೆ. ಹಾಗೆಂದು ಚುರುಟಿನ ಪೆಟ್ಟಿಗೆಯ ಗಿಟಾರುಗಳೆಲ್ಲ ಒಂದೇ ಬಗೆಯವೆಂದೂ ತಿಳಿಯಬಾರದು. ಟೆಕ್ಸಾಸಿನ ಬ್ಲೂಸ್ ಗಾಯಕ ಲೈಟ್ನಿನ್ ಹಾಪ್ಕಿನ್ಸ್ ಅವರು ಬಾಲ್ಯದಲ್ಲಿ ಪೆಟ್ಟಿಗೆಗೆ ಹಲಗೆಯ ತುಂಡೊಂದನ್ನು ಮೊಳೆಹೊಡೆದು, ಕಿಟಕಿಯ ಜಾಲರಿಯ ತಂತಿಯನ್ನು ಕಟ್ಟಿಕೊಂಡರಂತೆ. ಟೆನೆಸ್ಸಿಯ ಗೇಣಿಗಾರರ ಮಗ ಕಾರ್ಲ್ ಪರ್ಕಿನ್ಸ್ ಅವರಿಗೆ ತಂದೆ ಮಾಡಿಕೊಟ್ಟ ಮೊದಲ ಗಿಟಾರಿನ ದಂಡಿ ಕಸಬರಿಕೆಯ ಕೋಲು. ಹಾಪ್ಕಿನ್ಸರು ಆಫ್ರಿಕನ್ ಮೂಲದವರು, ಪರ್ಕಿನ್ಸರು ಬಿಳಿಯರು. ಬಡತನ ಇಬ್ಬರಿಗೂ ಸಮಾನವಾಗಿತ್ತು. ವಿದ್ಯೆಯೂ ಒಬ್ಬರಿಂದೊಬ್ಬರಿಗೆ ಹರಿದಿತ್ತು.

ಇನ್ನು ಮೆಟ್ಟಿಲುಗಳ ಮಾತು. ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ಮೇಣದ ಮೇಲೆ ಕೂರಿಸುತ್ತಾರೆ, ತಪ್ಪಿದರೆ ಸರಿಪಡಿಸಬಹುದು. ಗಿಟಾರಿನ ಮೆಟ್ಟಿಲಿಗೆ ದಂಡಿಯನ್ನೇ ಗರಗಸದಿಂದ ಗೀರಬೇಕು. ತಪ್ಪಿದ ಗೀರು ಮತ್ತೆ ಕೂಡದು. ಖಗೋಳಜ್ಞ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ೧೫೮೧ರಲ್ಲಿ ಇದಕ್ಕೊಂದು ಲೆಕ್ಕ ಹೇಳಿದ್ದರು. ತಂತಿಯ ಉದ್ದದ ಹದಿನೆಂಟನೆಯ ಒಂದು ಪಾಲಿಗೆ ಮೊದಲ ಮೆಟ್ಟಿಲು; ಉಳಿದ ಉದ್ದದ ಹದಿನೆಂಟನೆಯ ಒಂದು ಪಾಲಿಗೆ ಎರಡನೆಯದು; ಹೀಗೆ ಮುಂದಕ್ಕೆ. ತಂತಿ ೨೪ ಅಂಗುಲವಾದರೆ ಮೊದಲ ಮೆಟ್ಟಿಲು ೧⅓ ಅಂಗುಲಕ್ಕೆ ಬೀಳುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಎಂದರೆ ೧೨ ಅಂಗುಲಕ್ಕೆ, ಬೀಳಬೇಕು. ಈ ಲೆಕ್ಕದಲ್ಲಿ ಸುಮಾರು ಹನ್ನೆರಡನೆಯ ಒಂದು ಅಂಗುಲದಷ್ಟು ಮೊದಲೇ ನಿಲ್ಲುತ್ತದೆ. ಈಗಿನವರು ಹದಿನೆಂಟರ ಬದಲು ೧೭.೮೧೭ರಿಂದ ಭಾಗಿಸುತ್ತಾರೆ. ಈ ಗಣಿತವೂ ಸಣ್ಣ ಗರಗಸವೂ ಇಲ್ಲದ ಬಡವರು ಮೆಟ್ಟಿಲುಗಳನ್ನೇ ಬಿಟ್ಟುಬಿಟ್ಟರು. ಬಾಟಲಿಯ ಕತ್ತನ್ನೋ ಚಾಕುವಿನ ಬೆನ್ನನ್ನೋ ತಂತಿಯ ಮೇಲೆ ಜಾರಿಸಿ ಸ್ವರ ಹುಡುಕಿದರು. ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಆ ಜಾರುಸ್ವರದ ಮಾಧುರ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಓಕ್ಲಹೋಮ ನಗರದ ಶಾಲೆಯೊಂದರ ಸಂಗತಿ ಮೇಷ್ಟರಾದ ನನಗೆ ವಿಶೇಷವಾಗಿ ಹಿಡಿಸಿತು. ಅದೇ ಶಾಲೆಯಲ್ಲಿ ಓದಿದ ಕಾದಂಬರಿಕಾರ ರಾಲ್ಫ್ ಎಲಿಸನ್ ೧೯೫೮ರ ಪ್ರಬಂಧವೊಂದರಲ್ಲಿ ಅದನ್ನು ನೆನೆದಿದ್ದಾರೆ. ಕೈಗೆಲಸದ ತರಗತಿಯಲ್ಲಿ ಒಬ್ಬ ಹುಡುಗನು ಹೆಚ್ಚಿನ ಹೊತ್ತನ್ನು ಚುರುಟಿನ ಪೆಟ್ಟಿಗೆಗಳಿಂದ ಗಿಟಾರು ಮಾಡುವುದರಲ್ಲಿ ಕಳೆಯುತ್ತಿದ್ದನಂತೆ. ಆತನೇ ಚಾರ್ಲಿ ಕ್ರಿಶ್ಚಿಯನ್. ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನರ ವಾದ್ಯತಂಡವನ್ನು ಸೇರಿ, ವಿದ್ಯುತ್ ಗಿಟಾರಿಗೆ ಜಾಸ್ ಸಂಗೀತದಲ್ಲಿ ಸ್ಥಾನ ಗಳಿಸಿಕೊಟ್ಟು, ೧೯೪೨ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಹಲಗೆ ಕೆತ್ತುತ್ತಾ ಕುಳಿತ ಹುಡುಗನಿಗೆ ಪಾಠದ ಕಡೆ ಗಮನವಿಲ್ಲವೆಂದು ಗದರಿಸುವ ಮೊದಲು ನಾವು ಉಪಾಧ್ಯಾಯರು ಕ್ಷಣಕಾಲ ನಿಲ್ಲುವುದು ಮೇಲು.

ಟೆಕ್ಸಾಸಿನ ಕುರುಡು ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ ಮೊದಲ ಗಿಟಾರು ಕೂಡ ಚುರುಟಿನ ಪೆಟ್ಟಿಗೆಯದೇ ಎಂದು ಹೇಳುತ್ತಾರೆ. ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮದಲ್ಲಿ ಅವರು ೧೯೨೭ರಲ್ಲಿ ಮುದ್ರಿಸಿದ ಧ್ವನಿಮುದ್ರಿಕೆಯೊಂದನ್ನು ೧೯೭೭ರಲ್ಲಿ ವಾಯೇಜರ್ ನೌಕೆಗಳ ಸುವರ್ಣ ತಟ್ಟೆಯಲ್ಲಿ ಸೇರಿಸಿ ಅಂತರಿಕ್ಷಕ್ಕೆ ಕಳುಹಿಸಿದರು. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಇದೆ.

ಇಂತಹ ಗಿಟಾರೊಂದು ಎಂದಾದರೂ ನಿಮ್ಮ ಕೈಗೆ ಬಂದರೆ, ಪೆಟ್ಟಿಗೆಯ ಮೇಲಿನ ಬಣ್ಣದ ಚೀಟಿಯನ್ನು ಓದಿ. ಅದು ವ್ಯಾಪಾರದ ಮತ್ತು ತೆರಿಗೆಯ ಚರಿತ್ರೆಯನ್ನು ಹೇಳೀತು. ಆಮೇಲೆ ಮುಚ್ಚಳವನ್ನು ತೆರೆದು, ಒಳಗೆ ಹಾದುಹೋಗಿರುವ ಕೋಲನ್ನೂ ನೋಡಿ. ಅಕ್ಷರ ಕಲಿಯುವುದನ್ನೂ ಕಾನೂನು ಹಲವೆಡೆ ತಡೆದಿದ್ದ ಜನರು ತಮ್ಮ ನಾಡಿನಿಂದ ತಂದು, ಮಕ್ಕಳ ಕೈಗೆ ದಾಟಿಸಿ ಉಳಿಸಿದ ವಿದ್ಯೆ ಅಲ್ಲಿದೆ.