ಕಪ್ಪು ಜನರ ಚರಿತ್ರೆ ಹೇಳುವ ಮಕ್ಕಳ ಚಿತ್ರಪುಸ್ತಕಗಳು

ಆಫ್ರಿಕಾ ಮೂಲದ ಜನರ ಚರಿತ್ರೆ, ನಡೆನುಡಿ, ಹೋರಾಟಗಳನ್ನು ಚಿತ್ರ ಮತ್ತು ಕಿರುಬರಹಗಳಲ್ಲಿ ಮಕ್ಕಳಿಗೆ ತಿಳಿಸುವ ಪುಸ್ತಕಗಳಿವು. ಇವನ್ನು ಬೆಳೆಸಿದವರು ಅಮೆರಿಕದ ಕಪ್ಪು ಲೇಖಕರು, ಕಲಾವಿದರು ಮತ್ತು ಗ್ರಂಥಪಾಲಕಿಯರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದ ಕನ್ನಡ ನಾಡಿನವರೇ ಆದ್ದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಇಂಥ ಪುಸ್ತಕಗಳ ಅಗತ್ಯವನ್ನು ಹುಟ್ಟಿಸಿದ ಕೃತಿಯೊಂದು ತಯಾರಾದದ್ದು ಭಾರತದಲ್ಲೇ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಸ್ಕಾಟ್‌ಲೆಂಡಿನ ಹೆಲೆನ್ ಬ್ಯಾನರ್‌ಮನ್ ತಮ್ಮ ಹೆಣ್ಣುಮಕ್ಕಳಿಗಾಗಿ ಬರೆದು ಚಿತ್ರಿಸಿದ ‘ಲಿಟಲ್ ಬ್ಲ್ಯಾಕ್ ಸ್ಯಾಂಬೊ’ 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಹುಲಿಗಳಿವೆ, ತುಪ್ಪವಿದೆ. ಕಥೆಯ ಹುಡುಗ ಜಾಣ. ಚಿತ್ರದಲ್ಲಿ ಮಾತ್ರ ಅವನ ಮುಖ ವಿಕಾರ. ಅಮೆರಿಕದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಅವನ ಹೆಸರಿನಿಂದಲೇ ಹೀಯಾಳಿಸತೊಡಗಿದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1932ರಲ್ಲೇ ಇದನ್ನು ಖಂಡಿಸಿದರು. ಮಗುವಿನ ಕೈಗೆ ಕೊಡುವ ಚಿತ್ರ ಎಷ್ಟು ಆಳವಾಗಿ ಗಾಯ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಆ ವೇಳೆಗಾಗಲೇ ಡಬ್ಲ್ಯು.ಇ.ಬಿ. ಡು ಬಾಯ್ಸ್ ಉತ್ತರ ಹುಡುಕಲು ಹೊರಟಿದ್ದರು. ಅವರು ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆ ಕಪ್ಪು ಜನರ ಕೊಲೆಗಳ ವರದಿಗಳನ್ನು ಎಡೆಬಿಡದೆ ಪ್ರಕಟಿಸುತ್ತಿತ್ತು. ತಾನೂ ಬಿಳಿಯರನ್ನು ದ್ವೇಷಿಸುತ್ತೇನೆ ಎಂದು ಬಾಲಕಿಯೊಬ್ಬಳು ಬರೆದ ಪತ್ರ ಅವರ ಮನಸ್ಸನ್ನು ಕಲಕಿತು. ಸತ್ಯವನ್ನು ಮರೆಮಾಚದೆ, ದ್ವೇಷವನ್ನೂ ಬಿತ್ತದೆ ಮಕ್ಕಳಿಗೆ ತಮ್ಮವರ ಕಥೆ ಹೇಳುವುದು ಹೇಗೆ? ಜೆಸ್ಸಿ ಫಾಸೆಟ್ ಮತ್ತು ಆಗಸ್ಟಸ್ ಡಿಲ್ ಜೊತೆ ಸೇರಿ ಅವರು ‘ದಿ ಬ್ರೌನೀಸ್ ಬುಕ್’ ಎಂಬ ಸಚಿತ್ರ ಮಾಸಪತ್ರಿಕೆ ಹೊರಡಿಸಿದರು. 1920ರ ಜನವರಿಯಿಂದ 1921ರ ಡಿಸೆಂಬರ್‌ವರೆಗೆ 24 ಸಂಚಿಕೆಗಳು ಬಂದವು. ಸಾಧಕರ ಜೀವನಚರಿತ್ರೆ, ಆಫ್ರಿಕಾದ ಜನಪದ ಕಥೆ, ಓದುಗ ಮಕ್ಕಳ ಫೋಟೊ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಮುಂದೆ ಬಂದ ಚಿತ್ರಪುಸ್ತಕಗಳಿಗೆ ಬುನಾದಿ ಬಿದ್ದದ್ದು ಇಲ್ಲಿಯೇ.

ಇದೇ ಡು ಬಾಯ್ಸ್ ಅವರಿಗೆ 1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಪತ್ರ ಬರೆದರು. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ವಿವರ ಅವರಿಗೆ ಬೇಕಿತ್ತು. ಅದಕ್ಕೂ ಹಿಂದೆ, 1873ರಲ್ಲಿ, ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮಿ ಪದ್ಧತಿ ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಫುಲೆಯವರ ಆ ಕೃತಿಯನ್ನು ಆಧರಿಸಿದ ‘ಎ ಗಾರ್ಡನರ್ ಇನ್ ದಿ ವೇಸ್ಟ್‌ಲ್ಯಾಂಡ್’ ಮತ್ತು ಅಂಬೇಡ್ಕರರ ಬದುಕನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರಿಸಿದ ‘ಭೀಮಾಯಣ’ ಎರಡೂ 2011ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು.

ಅತ್ತ ಅಮೆರಿಕದಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನ 135ನೆಯ ಬೀದಿಯ ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಆಗಸ್ಟಾ ಬೇಕರ್ 1930ರ ದಶಕದ ಕೊನೆಯಲ್ಲಿ, ಕಪ್ಪು ಮಕ್ಕಳನ್ನು ಗೌರವದಿಂದ ತೋರಿಸುವ ಪುಸ್ತಕಗಳನ್ನು ಆರಿಸಿ ಕೂಡಿಡಲು ತೊಡಗಿದರು. ಅಂಥವು ತೀರಾ ವಿರಳವಾಗಿದ್ದವು. ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಅದಕ್ಕೆ ಲೆಕ್ಕವನ್ನೇ ಕೊಟ್ಟರು. ಹಿಂದಿನ ಮೂರು ವರ್ಷಗಳ 5,206 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ವ್ಯಕ್ತಿಯೊಬ್ಬರಾದರೂ ಇದ್ದವು ಶೇ. 6.7 ಮಾತ್ರ. ಆ ಮೇಲೆ ಪ್ರಕಾಶಕರು ನಿಧಾನವಾಗಿ ಎಚ್ಚೆತ್ತರು. ಜಾನ್ ಸ್ಟೆಪ್ಟೊ ಇನ್ನೂ ಹದಿಹರೆಯದಲ್ಲಿ ರಚಿಸಿದ ‘ಸ್ಟೀವಿ’ 1969ರಲ್ಲಿ ಬಂತು. ಮ್ಯೂರಿಯಲ್ ಮತ್ತು ಟಾಮ್ ಫೀಲಿಂಗ್ಸ್ 1971ರ ‘ಮೋಜಾ ಮೀನ್ಸ್ ಒನ್’ ಪುಸ್ತಕದಲ್ಲಿ ಸ್ವಾಹಿಲಿ ಎಣಿಕೆಯ ಜೊತೆಗೆ ಪೂರ್ವ ಆಫ್ರಿಕಾದ ಬದುಕನ್ನೂ ಕಲಿಸಿದರು. ಗುಲಾಮರ ಹಡಗುಗಳ ಭೀಕರತೆಯನ್ನು ಟಾಮ್ ಫೀಲಿಂಗ್ಸ್ 1995ರ ‘ದಿ ಮಿಡಲ್ ಪ್ಯಾಸೇಜ್’ನಲ್ಲಿ ಒಂದಕ್ಷರವೂ ಇಲ್ಲದ ಚಿತ್ರಗಳಲ್ಲಿ ಕಟ್ಟಿಕೊಟ್ಟರು; ಇದು ದೊಡ್ಡ ಮಕ್ಕಳು ನೋಡಬೇಕಾದ ಪುಸ್ತಕ.

ಕರ್ನಾಟಕದ ಓದುಗರಿಗೆ ತೀರಾ ಹತ್ತಿರ ಎನಿಸುವುದು ಫೇತ್ ರಿಂಗ್‌ಗೋಲ್ಡ್ ಅವರ ‘ಟಾರ್ ಬೀಚ್’ (1991). ಹಾರ್ಲೆಮ್‌ನ ತಾರಸಿಯಿಂದ ಹಾರುವ ಬಾಲಕಿಯ ಈ ಕಥೆಯನ್ನು ರಿಂಗ್‌ಗೋಲ್ಡ್ ಮೊದಲು ಕೌದಿಯ ಮೇಲೆ ಮೂಡಿಸಿದ್ದರು. ನಮ್ಮ ಸಿದ್ದಿ ಹೆಂಗಸರೂ ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ‘ಫುಲ’ ಎಂಬ ಮಡಿಕೆಯ ಬಟ್ಟೆತುಂಡು ಇಡದಿದ್ದರೆ ಆ ಕೌದಿ ಅವರ ಕಣ್ಣಿಗೆ ಅಪೂರ್ಣ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನ ನಡೆಸಿದರು. 2011ರಲ್ಲಿ ಸಿದ್ದಿ ಕೌದಿಗಳು ಪ್ರದರ್ಶನಗೊಂಡ, ಕಪ್ಪು ಸಂಸ್ಕೃತಿಯ ಅಧ್ಯಯನಕ್ಕಾಗಿರುವ ಷಾಂಬರ್ಗ್ ಕೇಂದ್ರ ಇರುವುದು ಹಾರ್ಲೆಮ್‌ನ ಅದೇ 135ನೆಯ ಬೀದಿಯಲ್ಲಿ. ಯಲ್ಲಾಪುರದ ಕಾಡಂಚಿನ ಹೊಲಿಗೆ ಅಷ್ಟು ದೂರ ಹೋಗಿ ಮೆಚ್ಚುಗೆ ಪಡೆದಿದೆ. ಅದರ ಕಥೆ ನಮ್ಮ ಮಕ್ಕಳಿಗೆ ಗೊತ್ತಾಗಬೇಡವೇ?

ಮಕ್ಕಳಿಗೆ ಚಿತ್ರದ ಮೂಲಕ ಲೋಕ ತೋರಿಸುವ ಹಂಬಲ ಕನ್ನಡದಲ್ಲಿ ಹಳೆಯದು. ಕುವೆಂಪು ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ತುಂಗೆಯ ದಡಕ್ಕೆ ತಂದರು; ದೂರದ ಕಥೆಯನ್ನು ನಮ್ಮದಾಗಿಸಿಕೊಳ್ಳುವ ಬಗೆಯನ್ನು ಅವರಿಂದ ಕಲಿಯಬೇಕು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಬಂದವು. ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಅಮರ ಚಿತ್ರಕಥೆ ಮಾಲೆ 1965ರಲ್ಲಿ ಮೊದಲು ಕಾಣಿಸಿಕೊಂಡದ್ದು ಕನ್ನಡದಲ್ಲೇ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳ ಕಿರಿಯರ ವಿಶ್ವಕೋಶವಾಯಿತು. ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ ಭಾರತ-ಭಾರತಿ ಮಾಲೆ ಐನೂರರಷ್ಟು ಕಿರುಹೊತ್ತಗೆಗಳನ್ನು ಮನೆಮನೆಗೆ ತಲುಪಿಸಿತು. ಇಷ್ಟೆಲ್ಲ ಸಮೃದ್ಧಿಯಲ್ಲಿ ಅರಸರಿಗೆ, ಋಷಿಗಳಿಗೆ, ದೇಶಭಕ್ತರಿಗೆ ಸಿಕ್ಕ ಪುಟಗಳು ಅಂಚಿನ ಸಮುದಾಯಗಳಿಗೆ ಸಿಗಲಿಲ್ಲ. ಅಮರ ಚಿತ್ರಕಥೆಯಲ್ಲಿ ಅಂಬೇಡ್ಕರ್ ಬಂದದ್ದೂ 1979ರಷ್ಟು ತಡವಾಗಿ.

ಸಿದ್ದಿಗಳ ಚರಿತ್ರೆಯಲ್ಲಿ ಚಿತ್ರಪುಸ್ತಕಕ್ಕೆ ಒದಗುವ ಸಾಮಗ್ರಿಗೆ ಬರವಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟಗೊಂಡು, ಅಹ್ಮದ್‌ನಗರದ ಆಡಳಿತ ಹಿಡಿದು ಮೊಗಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್‌ಷಾಹನ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ಇಬ್ರಾಹಿಂ ರೋಜಾದ ನಿರ್ಮಾಣದೊಂದಿಗೆ ಮಲಿಕ್ ಸಂದಲ್ ಎಂಬ ಹಬ್ಶಿಯ ಹೆಸರು ಸೇರಿಕೊಂಡಿದೆ. ಶಾಲಾ ಪ್ರವಾಸದಲ್ಲಿ ಆ ಕಟ್ಟಡ ನೋಡುವ ಮಕ್ಕಳಿಗೆ ಇದನ್ನು ಹೇಳಬೇಕು. ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಕಥೆಯಿದೆ, ಡಮಾಮಿ ಕುಣಿತವಿದೆ, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ನಂಬಿಕೆಯವರು ಒಂದೇ ಸಮುದಾಯವಾಗಿ ಬಾಳುವ ರೀತಿಯಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ರಂಗಭೂಮಿ ಈ ವಿಷಯದಲ್ಲಿ ಪುಸ್ತಕಗಳಿಗಿಂತ ಮುಂದಿತ್ತು: ನೀನಾಸಂ ಒಡನಾಟದಲ್ಲಿ 1980ರ ದಶಕದಲ್ಲಿ ಮಂಚಿಕೇರಿಯ ಸಿದ್ದಿಗಳು ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿದರು.

ಈಗ ದಾರಿ ಸುಲಭವಾಗಿದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಜಾಲತಾಣ ತೆರೆಯಿತು. ಅಲ್ಲಿನ ಕಥೆಗಳನ್ನು ಯಾರು ಬೇಕಾದರೂ ಅನುವಾದಿಸಬಹುದು, ಮುದ್ರಿಸಬಹುದು. ಆಫ್ರಿಕಾದ ಮಕ್ಕಳ ಕಥೆಗಳೂ ಅಲ್ಲಿ ಸಿಗುತ್ತವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಲ ಮಲೆನಾಡಿನಲ್ಲೂ ಹಸಲರು, ಗೌಡಲು ಮುಂತಾದ ಬುಡಕಟ್ಟಿನ ಮಕ್ಕಳಿದ್ದಾರೆ. ಹಿರಿಯರು ಹೇಳುವುದನ್ನು ಕೇಳಿ ಬರೆದು, ಸಮುದಾಯದವರ ಕೈಯಿಂದಲೇ ಚಿತ್ರ ಬಿಡಿಸಿ, ಸಿದ್ದಿಗಳ ಕಥೆಯನ್ನೂ ಈ ಮಕ್ಕಳ ಮನೆತನದ ಕಥೆಯನ್ನೂ ಪುಸ್ತಕವಾಗಿಸುವ ಕೆಲಸಕ್ಕೆ ಮಲೆನಾಡಿನ ಮೇಷ್ಟ್ರುಗಳು, ಗ್ರಂಥಪಾಲಕರು, ಪ್ರಕಾಶಕರು ಕೈಹಾಕಬೇಕು.