‘ಧಾರವಾಡಕ್ಕ ಕಳಸಬೇಕು’ ಎಂಬ ಮಾತಿನ ಹಿಂದಿನ ಚರಿತ್ರೆ

“ಇವನ್ನ ಧಾರವಾಡಕ್ಕ ಕಳಸಬೇಕು ನೋಡು!” ವಿಜಯಪುರ ಜಿಲ್ಲೆಯ ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ಇಂದಿಗೂ ಈ ಮಾತು ಕೇಳಿಬರುತ್ತದೆ. ಸಾಹಿತ್ಯಕ್ಕೂ ಸಂಗೀತಕ್ಕೂ ಪೇಡೆಗೂ ಹೆಸರಾದ ಊರು ಬೈಗುಳವಾದದ್ದು ಹೇಗೆ?

ಧಾರವಾಡದಲ್ಲಿ 1845ರಲ್ಲಿ ಮನೋರೋಗಿಗಳಿಗಾಗಿ ಆಸ್ಪತ್ರೆ ಆರಂಭವಾಯಿತು. ಅದೇ ಇಂದಿನ ಡಿಮ್ಹಾನ್ಸ್. ಜನರ ಬಾಯಲ್ಲಿ ಅದು ‘ಹುಚ್ಚರ ದವಾಖಾನಿ’. ಮುಂಬೈ ಪ್ರಾಂತ್ಯದ ಆಡಳಿತಕ್ಕೆ ಸೇರಿದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಅದು ದೂರದ ಊರು. ಹೊಟಗಿ–ಗದಗ ರೈಲು ಬಂದದ್ದೇ 1880ರ ದಶಕದಲ್ಲಿ. ಅದಕ್ಕೂ ಮೊದಲು ಚಕ್ಕಡಿಯೇ ಗತಿ.

ದೂರಕ್ಕಿಂತ ದೊಡ್ಡ ಅಡ್ಡಿ ಕಾನೂನು. 1858ರ ಕಾಯ್ದೆಯ ಪ್ರಕಾರ ಅಲೆದಾಡುವ ಅಥವಾ ಅಪಾಯಕಾರಿ ಎನಿಸಿದ ರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. 1912ರ ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಅದೇ ಜಾರಿಯಲ್ಲಿತ್ತು. ಅದರ ಬದಲು ಹೊಸ ಕಾಯ್ದೆ ಬಂದದ್ದು 1987ರಲ್ಲಿ. ಮನೋರೋಗದ ಕಳಂಕಕ್ಕೆ ಬೇರೆ ಬೇರುಗಳೂ ಇವೆ, ನಿಜ. ಆದರೆ ಪೊಲೀಸ್ ಮತ್ತು ಕಚೇರಿಯನ್ನು ದಾಟಿ ಹೋಗುವ ಆಸ್ಪತ್ರೆಯನ್ನು ಜನ ಸೆರೆಮನೆಯಂತೆ ಕಂಡರೆ ಅದರಲ್ಲಿ ಅಚ್ಚರಿಯಿಲ್ಲ.

ಹುಚ್ಚಲ್ಲದ ನೋವಿಗಂತೂ ಈ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ. 1876–78ರ ಭೀಕರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ನಮ್ಮ ಸೀಮೆ, ತತ್ತರಿಸಿತು. ಸರ್ಕಾರ ಸತ್ತವರನ್ನು ಎಣಿಸಿತು, ಕಾಮಗಾರಿಗಳ ಲೆಕ್ಕ ಇಟ್ಟಿತು. ಉಳಿದವರ ದುಃಖಕ್ಕೆ ದಫ್ತರದಲ್ಲಿ ಕಾಲಂ ಇರಲಿಲ್ಲ.

ಜನರ ನುಡಿಯಲ್ಲಿ ಅದಕ್ಕೆ ಜಾಗವಿತ್ತು. ಸಿಂದಗಿ ಕಡೆಯ ನಮ್ಮಜ್ಜಿ ತನ್ನ ತಂಗಿಯ ಬಗ್ಗೆ ಹೇಳುತ್ತಿದ್ದಳು: “ಕೂಸು ಹೋದಮ್ಯಾಲ ಭಾಳ ಮನಸ್ಸಿಗೆ ಹಚ್ಚಿಕೊಂಡ್ಳವ್ವಾ. ಉಣ್ಣೂದು, ಮಾತಾಡೂದು ಎಲ್ಲಾ ಬಿಟ್ಳು.” ದವಾಖಾನೆಗೆ ಯಾಕೆ ಒಯ್ಯಲಿಲ್ಲ ಎಂದರೆ, “ಮಂದಿ ಏನಂತಿದ್ರು?” ಎನ್ನುತ್ತಿದ್ದಳು. ‘ಮನಸ್ಸಿಗೆ ಹಚ್ಚಿಕೊಳ್ಳುವುದು’ ಎಂಬ ಮಾತಿನಲ್ಲಿ ಬೈಗುಳವಿಲ್ಲ, ನೋವಿಗೊಂದು ಕಾರಣವಿದೆ ಎಂಬ ತಿಳಿವಳಿಕೆಯಿದೆ. ಆ ತಿಳಿವಳಿಕೆ ಚಿಕಿತ್ಸೆಯವರೆಗೆ ತಲುಪಲಿಲ್ಲ, ಅಷ್ಟೇ.

ಈ ಅಂತರವನ್ನು ತಗ್ಗಿಸುವ ದೊಡ್ಡ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆಯಿತು. 1985ರಿಂದ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಜ್ವರಕ್ಕೆ ಗುಳಿಗೆ ಕೊಡುವ ದವಾಖಾನೆಯಲ್ಲೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಗತೊಡಗಿತು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. 2017ರ ಕಾಯ್ದೆ ಮಾನಸಿಕ ಆರೋಗ್ಯ ಸೇವೆ ಪಡೆಯುವುದನ್ನು ಹಕ್ಕಾಗಿಸಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯಂತಲ್ಲದೆ ತೀವ್ರ ಒತ್ತಡದಲ್ಲಿರುವವರಂತೆ ಕಾಣಬೇಕೆಂದಿತು. 2022ರಲ್ಲಿ ಬಂದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಚಕ್ಕಡಿಯ ದಾರಿ ಈಗ ಒಂದು ಫೋನ್ ಕರೆಯಷ್ಟಾಗಿದೆ. ಆದರೆ “ಮಂದಿ ಏನಂತಾರ” ಎಂಬ ಅಜ್ಜಿಯ ಪ್ರಶ್ನೆಯನ್ನು ಕಾಯ್ದೆ ಅಳಿಸಲಾರದು. ಆ ಮಂದಿ ನಾವೇ. ಮುಂದಿನ ಸಲ ನಾಲಗೆಯ ತುದಿಗೆ ‘ಧಾರವಾಡ’ ಬಂದಾಗ ಅದನ್ನು ನುಂಗಿಕೊಂಡು, “ಏನು ಮನಸ್ಸಿಗೆ ಹಚ್ಚಿಕೊಂಡೀಯವ್ವಾ?” ಎಂದು ಕೇಳಿದರೆ ಸಾಕು. ನಮ್ಮಜ್ಜಿಯ ತಂಗಿಯನ್ನು ಹಾಗೆ ಯಾರೂ ಕೇಳಿರಲಿಲ್ಲ.